ಕಾಳಿಯ ದಂಡೆಯಲ್ಲಿ ಇಬ್ಬರ ಬಿಡುವು

ನಮ್ಮ ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದರು. ಉದ್ಯಾನವಿಹಾರಕ್ಕೂ ಜಲಕ್ರೀಡೆಗೂ ಅವುಗಳಲ್ಲಿ ಸ್ಥಾನವುಂಟು. ಅರಸನು ಅರಸಿಯೊಡನೆ ತೋಟಕ್ಕೆ ಹೊರಟನೆಂದರೆ ಸಾಕು, ಕವಿಯ ಲೇಖನಿಗೆ ಹುರುಪು ಬರುತ್ತದೆ. ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ, ಕೊಳದ ನೀರು ಕುಂಕುಮವಾಗುತ್ತದೆ. ಆದರೆ ಅರಸನ ರಥವನ್ನು ಹೊಡೆದವನು, ಅರಸಿಯ ಜಡೆಯನ್ನು ಹೆಣೆದವಳು ಎಂದಾದರೊಮ್ಮೆ ತಮ್ಮ ಮಡದಿಯೊಡನೆ, ತಮ್ಮ ಗಂಡನೊಡನೆ ಎಲ್ಲಿಯಾದರೂ ಸುಮ್ಮನೆ ಕುಳಿತರೆ? ಅದನ್ನು ಹೇಳುವ ಗೋಜಿಗೆ ಕವಿಗಳು ಹೋದಂತೆ ಕಾಣುವುದಿಲ್ಲ. ವಿಹಾರವು ಅರಮನೆಯ ಸೊತ್ತು. ಸಾಮಾನ್ಯರ ಪಾಲಿಗೆ ಉಳಿದದ್ದು ಯಾತ್ರೆ.

ಇಂದಿಗೂ ಹೆಚ್ಚು ಬದಲಾಗಿದೆಯೆನ್ನಲಾಗದು. ನಮ್ಮ ಮಧ್ಯಮವರ್ಗದ ದಂಪತಿಗಳು ಮನೆ ಬಿಟ್ಟು ಹೊರಟರೆಂದರೆ ಅದು ಮದುವೆಗೋ ಮುಂಜಿಗೋ ಹರಕೆಗೋ ಇರಬೇಕು. ಜತೆಯಲ್ಲಿ ಅತ್ತೆ ಮಾವಂದಿರು, ಮಕ್ಕಳು, ಬುತ್ತಿಯ ಗಂಟು, ನೆರೆಮನೆಯ ಅಜ್ಜಿ ತೀರ್ಥಕ್ಕೆಂದು ಕೊಟ್ಟ ತಾಮ್ರದ ಗಿಂಡಿ, ಎಲ್ಲವೂ ಇರಬೇಕು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಗಂಡಹೆಂಡಿರು ಇಬ್ಬರೇ, ಕಾರಣವಿಲ್ಲದೆ ಹೊರಟುನಿಂತರೆ "ಏನು ವಿಶೇಷ?" ಎಂಬ ಪ್ರಶ್ನೆ ಓಣಿಯ ತುದಿಯವರೆಗೂ ಹಿಂಬಾಲಿಸುತ್ತದೆ. ವಿಶೇಷವೇನೂ ಇಲ್ಲವೆಂಬುದೇ ವಿಶೇಷವೆಂದು ಹೇಳಿದರೆ ನಂಬುವವರು ಯಾರು?

ಈಚೆಗೆ ಪತ್ರಿಕೆಗಳಲ್ಲಿಯೂ ಪ್ರವಾಸಕಂಪೆನಿಗಳ ಜಾಹೀರಾತುಗಳಲ್ಲಿಯೂ ಗ್ರೀಸ್ ದೇಶದ ದ್ವೀಪಗಳ ಚಿತ್ರಗಳನ್ನು ವಾಚಕರು ನೋಡಿರಬಹುದು. ಸುಣ್ಣ ಬಳಿದ ಬಿಳಿಯ ಮನೆಗಳು, ನೀಲಿಯ ಗುಮ್ಮಟ, ಕೆಳಗೆ ಅದಕ್ಕಿಂತ ನೀಲಿಯಾದ ಸಮುದ್ರ, ಜಗುಲಿಯ ಮೇಲೆ ಎರಡು ಕುರ್ಚಿ. ಆ ಕುರ್ಚಿಗಳಲ್ಲಿ ಮಾಡಲು ಕೆಲಸವಿಲ್ಲದ ಇಬ್ಬರು. ಆ ನಾಡಿನಲ್ಲಿ ಜನವಸತಿಯಿರುವ ದ್ವೀಪಗಳೇ 200ಕ್ಕಿಂತ ಹೆಚ್ಚು. ನಮ್ಮ ಓದುಗರಿಗೆ ಅವು ತೀರ ಅಪರಿಚಿತವೂ ಅಲ್ಲ. 1929ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಅಶ್ವತ್ಥಾಮನ್' ನಾಟಕಕ್ಕೆ ಸೊಫೋಕ್ಲಿಸನ ಯಾವ ವೀರನನ್ನು ಮಾದರಿಯಾಗಿ ಇಟ್ಟುಕೊಂಡರೋ ಆ ಏಜಾಕ್ಸನು ಸಲಾಮಿಸ್ ದ್ವೀಪದವನು. 1935ರಲ್ಲಿ ಅವರು ಕನ್ನಡಕ್ಕೆ ತಂದ 'ಪಾರಸಿಕರು' ನಾಟಕದ ಪಾರಸಿಕ ನೌಕಾಬಲ ಮುರಿದುಬಿದ್ದದ್ದು ಅದೇ ಸಲಾಮಿಸಿನ ಕಡಲಿನಲ್ಲಿ. ಹೀಗೆ ಗ್ರೀಕ್ ದ್ವೀಪವು ನಮ್ಮ ತರಗತಿಗಳಿಗೆ ಮೊದಲು ಬಂದದ್ದು ರುದ್ರದ ಮೂಲಕ. ಈಗ ಬರುತ್ತಿರುವುದು ವಿರಾಮದ ಮೂಲಕ.

ವಿರಾಮಕ್ಕೆ ದ್ವೀಪವೇ ಏಕೆ ಬೇಕು? ಯೋಚಿಸಿದರೆ ಉತ್ತರ ಸರಳವಾಗಿದೆ. ದ್ವೀಪದ ಸುತ್ತ ನೀರಿದೆ. ಬಾಗಿಲು ತಟ್ಟುವವರು ಅಷ್ಟು ಸುಲಭವಾಗಿ ಅಲ್ಲಿಗೆ ಬರಲಾರರು. ಆ ನೀರು ಉಪ್ಪುನೀರೇ ಆಗಬೇಕೆಂಬ ನಿಯಮವಿಲ್ಲ, ವಿಮಾನ ಹತ್ತಿಯೇ ಹೋಗಬೇಕೆಂಬುದೂ ಇಲ್ಲ. ಧಾರವಾಡದಿಂದ ಸುಮಾರು 55 ಕಿಲೋಮೀಟರು ದೂರದಲ್ಲಿ ಕಾಳಿನದಿಯಿದೆ. ಮಕ್ಕಳನ್ನು ಅವರ ಅಜ್ಜಿಯ ಮನೆಯಲ್ಲಿ ಬಿಟ್ಟು, ಕಳೆದ ಮಾಘಮಾಸದಲ್ಲಿ ನಾವಿಬ್ಬರೂ ಮೂರು ದಿನಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು.

ಹಳಿಯಾಳದವರೆಗೆ ಬಯಲುಸೀಮೆಯ ಗಾಳಿಯೇ ಬೀಸುತ್ತದೆ. ಪಟ್ಟಣ ದಾಟಿ ದಾಂಡೇಲಿಯ ದಾರಿ ಹಿಡಿದರೆ ಸಾಗವಾನಿಯ ನೆರಳು ಮೊದಲಾಗುತ್ತದೆ. ಮುಂದೆ ಮುಂದೆ ಬಿದಿರು, ಮತ್ತಿ, ನಂದಿ ಮರಗಳು ಒತ್ತಾಗುತ್ತವೆ. ಮಾಘದ ಹುಣ್ಣಿಮೆ ಸಮೀಪಿಸಿದ್ದರಿಂದ ದಾರಿಯುದ್ದಕ್ಕೂ ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಗಳು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯಾದ ಮೇಲೆ ಶರಣರು ಚನ್ನಬಸವಣ್ಣನವರೊಡನೆ ಈ ಅಡವಿಯನ್ನು ಹೊಕ್ಕು ಉಳವಿಯನ್ನು ಸೇರಿದರೆಂಬುದು ನಾಡಿನ ನಂಬುಗೆ. ಚನ್ನಬಸವಣ್ಣನವರ ಸಮಾಧಿ ಅಲ್ಲಿದೆ. ಕೊರಳಗಂಟೆ ಕಟ್ಟಿದ ಎತ್ತುಗಳು, ಬಣ್ಣದ ಜೂಲು, ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತ ಹೆಂಗಸರು, ನೊಗದ ಬಳಿ ಗಂಡಸರು. ಒಂದು ಹಳ್ಳದ ದಂಡೆಯಲ್ಲಿ ಎತ್ತು ಬಿಟ್ಟು, ಮೂರು ಕಲ್ಲಿನ ಒಲೆ ಹೂಡಿ, ನಡುವಯಸ್ಸಿನ ರೈತದಂಪತಿಗಳು ಒಂದೇ ಬುತ್ತಿಯ ಗಂಟಿನಿಂದ ರೊಟ್ಟಿ ಮುರಿದು ತಿನ್ನುತ್ತ ಏನನ್ನೋ ನೆನೆದು ನಗುತ್ತಿದ್ದರು. ಯಾತ್ರೆ ಬೇರೆ, ವಿಹಾರ ಬೇರೆ ಎಂದು ಪಂಡಿತರು ಎಷ್ಟೇ ವಿಂಗಡಿಸಲಿ, ನಮ್ಮ ಜನ ಮೊದಲನೆಯದರ ಹೊಟ್ಟೆಯೊಳಗೆ ಎರಡನೆಯದನ್ನು ಬಚ್ಚಿಟ್ಟುಕೊಂಡೇ ಬಂದಿದ್ದಾರೆಂಬುದಕ್ಕೆ ಅವರ ನಗೆಯೇ ಸಾಕ್ಷಿ.

ದಾಂಡೇಲಿ ಕೇವಲ ಅಡವಿಯ ಊರಲ್ಲ, ದುಡಿಮೆಯ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆ ಅಲ್ಲಿದೆ. ಮರಮುಟ್ಟುಗಳ ದೊಡ್ಡ ಸಂಗ್ರಹಾಗಾರವಿದೆ. ಅದರ ಮರುವರ್ಷ, 1956ರಲ್ಲಿ, ಸುತ್ತಲಿನ ಕಾಡು ವನ್ಯಧಾಮವಾಯಿತು. ನಾಗರಿಕತೆಯ ಎರಡು ಕೈಗಳು ಒಂದೇ ಕಾಡನ್ನು ಎರಡು ಕಡೆಯಿಂದ ಹಿಡಿದಂತೆ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿಗಳ ರಕ್ಷಿತಪ್ರದೇಶವಾದವು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟರು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಕಡೆ ಹುಟ್ಟಿ, 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಕಡಲನ್ನು ಸೇರುವ ಈ ಕಾಳಿ ತನ್ನ ಹುಟ್ಟನ್ನೂ ಕೊನೆಯನ್ನೂ ಒಂದೇ ಜಿಲ್ಲೆಯಲ್ಲಿ ಕಾಣುತ್ತಾಳೆ. ತವರೂ ಗಂಡನ ಮನೆಯೂ ಒಂದೇ ಊರಿನಲ್ಲಿ ಸಿಕ್ಕಿದ ಭಾಗ್ಯವಂತೆ!

ನಮ್ಮ ಬಿಡಾರ ಗಣೇಶಗುಡಿಯ ಹತ್ತಿರ, ನದಿಯ ದಂಡೆಯ ಒಂದು ಚಿಕ್ಕ ವಸತಿಗೃಹದಲ್ಲಿ. ಅಲ್ಲಿಯ ಮೇಲ್ವಿಚಾರಕ ಸುಜನ. ಬಂದೊಡನೆಯೇ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ನಮ್ಮ ಮುಂದೆ ಬಿಚ್ಚಿದ: ಕವಳೆಯ ಗುಹೆ, ಸಿಂಥೇರಿಯ ಬಂಡೆ, ಶಿರೋಲಿಯ ಶಿಖರ, ರಬ್ಬರು ದೋಣಿಯಲ್ಲಿ ಕಾಳಿಯ ಹರಿತದ ಮೇಲೆ ಧುಮುಕುವ ಸಾಹಸ. ಪಟ್ಟಿಯನ್ನು ಮೌನದಿಂದ ಕೇಳಿದ ನನ್ನಾಕೆ, "ಇದರಾಗ ಯಾವದೂ ನೋಡದಿದ್ದರ ನಡೀತದೇನಪಾ?" ಎಂದು ಕೇಳಿದಳು. ಅವನು ತುಸು ಗಲಿಬಿಲಿಗೊಂಡ. "ನಡೀತದ್ರೀ ಅವ್ವಾರ," ಎಂದ. ಹಾಗೆ ನಮ್ಮ ಕಾರ್ಯಕ್ರಮ ನಿಶ್ಚಯವಾಯಿತು.

ಏನೂ ಮಾಡದೆ ಇರುವುದು ನಮ್ಮಂಥವರಿಗೆ ಸುಲಭವಾಗಿ ಒಲಿಯುವ ವಿದ್ಯೆಯಲ್ಲ. ಮೊದಲ ದಿನ ಅವಳ ಕೈ ಮೂರು ನಾಲ್ಕು ಬಾರಿ ತಾನಾಗಿ ಸೆರಗಿನ ಕಡೆಗೆ ಹೋಯಿತು, ಒಲೆಯ ಮೇಲಿನದನ್ನು ಇಳಿಸುವುದಕ್ಕೆಂಬಂತೆ. ಮಧ್ಯಾಹ್ನದ ಊಟ ಮುಗಿದೊಡನೆ ತಟ್ಟೆಗಳನ್ನು ಎತ್ತಲು ಎದ್ದಳು. ಬೇಡವೆಂದರು. ಕುಳಿತಳು. ನೀರಿನ ಮೇಲೆ ಬಿಸಿಲು ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಸರಿಯುವುದನ್ನು ನೋಡುತ್ತ ಬಹಳ ಹೊತ್ತಿನ ಮೇಲೆ ಒಂದು ಮಾತು ಹೇಳಿದಳು: "ಮನ್ಯಾಗ ಹೊತ್ತು ಹೋಗ್ತದ್ರೀ. ಇಲ್ಲಿ ಹೊತ್ತು ಬರ್ತದ ನೋಡ್ರಿ."

ಇಪ್ಪತ್ತು ವರ್ಷ ಭಾಷೆಯನ್ನು ಬೋಧಿಸಿದವನಿಗೂ ಆ ಎರಡು ಕ್ರಿಯಾಪದಗಳ ನಡುವಣ ಅಂತರ ಅಷ್ಟು ನಿಚ್ಚಳವಾಗಿ ಎಂದೂ ಹೊಳೆದಿರಲಿಲ್ಲ. ನಮ್ಮ ಮನೆಗಳಲ್ಲಿ ಭಾನುವಾರವೆಂದರೆ ಗಂಡಸರ ರಜೆ. ಆದರೆ ಆ ದಿನವೇ ಅಡುಗೆಮನೆಯಲ್ಲಿ ಒಲೆ ಹೆಚ್ಚು ಹೊತ್ತು ಉರಿಯುತ್ತದೆ, ಬಟ್ಟೆಯ ರಾಶಿ ಹೆಚ್ಚುತ್ತದೆ, ನಂಟರು ಬರುತ್ತಾರೆ. ಒಬ್ಬರ ಬಿಡುವು ಇನ್ನೊಬ್ಬರ ಬೆವರಿನ ಮೇಲೆ ನಿಂತಿರುತ್ತದೆ. ದಂಪತಿಗಳಿಬ್ಬರಿಗೂ ಏಕಕಾಲಕ್ಕೆ ಬಿಡುವಾಗುವುದು ಎಷ್ಟು ಅಪರೂಪವೆಂದರೆ, ಅದಕ್ಕಾಗಿ ಊರನ್ನೇ ಬಿಟ್ಟು ಬರಬೇಕಾಗುತ್ತದೆ.

ಮರುದಿನ ಬೆಳಗಿನಲ್ಲಿ ಮಂಗಟ್ಟೆ ಹಕ್ಕಿಗಳು ಬಂದವು. ಬರುವ ಮೊದಲೇ ಅವುಗಳ ಸದ್ದು ಬರುತ್ತದೆ. ದೊಡ್ಡ ರೆಕ್ಕೆಗಳ ನಡುವೆ ಗಾಳಿ ನುಗ್ಗುವ ಸದ್ದು, ತಿದಿ ಒತ್ತಿದಂತೆ. ಕೊಕ್ಕಿನ ಮೇಲೆ ಮತ್ತೊಂದು ಕೊಕ್ಕು ಇಟ್ಟಂಥ ಆಕೃತಿ, ಹಳದಿಯ ಬಣ್ಣ, ನೋಡಿದವರು ಮರೆಯುವಂತಿಲ್ಲ. ದಾಂಡೇಲಿಯ ಕಾಡುಗಳಲ್ಲಿ ಈ ಕುಲದ ನಾಲ್ಕು ಬಗೆಗಳಿವೆ. ಅವುಗಳಿಗೆಂದೇ 2011ರಲ್ಲಿ ಒಂದು ಸಂರಕ್ಷಣಾ ಪ್ರದೇಶವನ್ನು ಘೋಷಿಸಲಾಯಿತು. ಕಡಿದ ಮರಗಳನ್ನು ಒಟ್ಟಿದ ದಾಂಡೇಲಿಯ ಸಂಗ್ರಹಾಗಾರದ ಆವರಣದಲ್ಲಿ ನಿಂತ ಮರಗಳಿಗೂ ಇವು ಬರುತ್ತವೆ. ಪಕ್ಷಿವೀಕ್ಷಕರಿಗೆ ಅದು ಪ್ರಸಿದ್ಧ ತಾಣ.

ಈ ಹಕ್ಕಿಯ ದಾಂಪತ್ಯ ಲೋಕವಿಖ್ಯಾತವಾದದ್ದು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಳೆಯ ಹೆಮ್ಮರದ ಪೊಟರೆಯನ್ನು ಹೊಗುತ್ತದೆ. ಮಲ, ಹಣ್ಣಿನ ಕಸ, ಮಣ್ಣುಗಳಿಂದ ಬಾಗಿಲನ್ನು ಮೆತ್ತಿ ಮುಚ್ಚುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮುಂದೆ ಮೂರು ನಾಲ್ಕು ತಿಂಗಳು ಗಂಡು ಆಲ, ಅತ್ತಿ, ಬಸರಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಒಂದೊಂದಾಗಿ ಆ ಸೀಳಿನಿಂದ ಉಣ್ಣಿಸುತ್ತದೆ. ಗಂಡಿಗೆ ಅಪಾಯವೊದಗಿದರೆ ಒಳಗಿನ ಸಂಸಾರಕ್ಕೂ ಅಪಾಯವೇ. ಇದನ್ನೆಲ್ಲ ನಾನು ಬಹು ರಸವತ್ತಾಗಿ ವಿವರಿಸಿ, ಪತಿಧರ್ಮದ ಮೇಲೆ ಒಂದೆರಡು ಮಾತುಗಳನ್ನೂ ಸೇರಿಸಿದೆ. ಆಕೆ ಕೇಳಿದಳು: "ಒಳಗ ಕೂತಾಕಿ ಏನ್ ಮಾಡ್ತಾಳ?"

ಒಳಗೆ ಕುಳಿತ ಹೆಣ್ಣು ತನ್ನ ಹಾರುವ ಗರಿಗಳನ್ನು ಉದುರಿಸಿಕೊಳ್ಳುತ್ತದೆ. ಹೊಸ ಗರಿ ಬರುವವರೆಗೆ ಅದಕ್ಕೆ ಹಾರಲಾಗದು ಎಂದೆ.

"ಹಣ್ಣು ತಂದಾತನ್ನ ಎಲ್ಲಾರೂ ಹೊಗಳ್ತಾರ. ಗರಿ ಉದುರಿಸಿದಾಕೀನ ಯಾರ್ ನೋಡ್ಯಾರ? ಒಳಗ ಕತ್ತಲಿ," ಎಂದಳು.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಪ್ರಕೃತಿಯ ಕಥೆಯಲ್ಲಿ ಇನ್ನೊಂದು ಘಟ್ಟವುಂಟು. ಕಾಲ ಬಂದಾಗ ಹೆಣ್ಣು ಗೋಡೆಯನ್ನು ಒಡೆದು ಹೊಸ ಗರಿಗಳೊಡನೆ ಹೊರಗೆ ಬರುತ್ತದೆ. ಮುಚ್ಚಿದ ಬಾಗಿಲು ಎಂದಾದರೂ ತೆರೆಯಲೇಬೇಕು, ಅದು ಒಪ್ಪಂದದ ಭಾಗ. ಈ ಒಪ್ಪಂದಕ್ಕೆ ಕಾಡೂ ಸಾಕ್ಷಿಯಾಗಿರಬೇಕು, ಏಕೆಂದರೆ ಈ ಹಕ್ಕಿ ಮರಕುಟಿಗದಂತೆ ತಾನೇ ಪೊಟರೆ ಕೊರೆಯಲಾರದು. ಮುಪ್ಪಾದ ಮರ ತಾನಾಗಿ ಟೊಳ್ಳಾಗಿ ಕೊಟ್ಟರೆ ಮಾತ್ರ ಅದಕ್ಕೆ ಮನೆ. ಹಳೆಯ ಮರ ನಿಷ್ಪ್ರಯೋಜಕವೆಂದು ಕಡಿದವರಿಗೆ ಹಲವು ಸಂಸಾರಗಳನ್ನು ಬೀದಿಗೆ ಹಾಕಿದ ಅರಿವು ಇರುವುದಿಲ್ಲ.

ಸಂಸಾರಗಳ ಮಾತು ಬಂದದ್ದರಿಂದ ಸೂಪೆಯ ಮಾತನ್ನು ಹೇಳಲೇಬೇಕು. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ ನಿಂತ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು, ಉದ್ದ 332 ಮೀಟರು. 1987ರಲ್ಲಿ ಅದು ಪೂರ್ಣಗೊಂಡಿತು. ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ವಿದ್ಯುದ್ಯಂತ್ರಗಳಿವೆ. ಅಲ್ಲಿಂದ ಬಿಟ್ಟ ನೀರು ಮುಂದೆ ನಾಗಝರಿಯ ದೊಡ್ಡ ವಿದ್ಯುದಾಗಾರವನ್ನೂ ನಡೆಸುತ್ತದೆ. ನಮ್ಮ ಮುಂದೆ ಹರಿಯುತ್ತಿದ್ದ ನದಿ ತನ್ನಿಚ್ಛೆಯಂತೆ ಹರಿಯುತ್ತಿರಲಿಲ್ಲ. ನಾಡಿನ ದೀಪಗಳ ಲೆಕ್ಕಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ರಬ್ಬರು ದೋಣಿಯ ತರುಣರ ಕೇಕೆ ಕೂಡ ಯಂತ್ರದ ಬಾಗಿಲು ತೆರೆಯುವ ವೇಳೆಯನ್ನು ನಂಬಿಕೊಂಡದ್ದು.

ಆ ಸಂಜೆ ಹಿನ್ನೀರಿನ ದಂಡೆಗೆ ಹೋದೆವು. ನೀರು ಎಷ್ಟು ನಿಶ್ಚಲವಾಗಿತ್ತೆಂದರೆ ಬೆಟ್ಟಗಳು ಎರಡೆರಡಾಗಿದ್ದವು. ಒಂದು ಕಾಲಕ್ಕೆ ಗುಡ್ಡದ ನೆತ್ತಿಗಳಾಗಿದ್ದವು ಈಗ ದ್ವೀಪಗಳು. ನೀರಿನಿಂದ ಮೇಲೆದ್ದ ಒಣಮರದ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿದ್ದವು. ಗ್ರೀಕ್ ದ್ವೀಪವನ್ನು ಹುಡುಕಿ ಬಂದವರಿಗೆ ನಮ್ಮವೇ ದ್ವೀಪಗಳು ಸಿಕ್ಕಿದ್ದವು. ಆದರೆ ಈ ನೀರಿನ ತಳದಲ್ಲಿ, ಕಾಳಿಯೂ ಪಾಂಢರಿಯೂ ಕೂಡುತ್ತಿದ್ದ ಸಂಗಮದಲ್ಲಿ, ಸೂಪಾ ಎಂಬ ಊರಿತ್ತು. ಊರೆಂದರೆ ಕುಗ್ರಾಮವಲ್ಲ; ತಾಲ್ಲೂಕಿನ ಕೇಂದ್ರ. ಇಂದು ಜೋಯಿಡಾ ಎಂದು ಕರೆಯುವ ತಾಲ್ಲೂಕಿಗೆ ಆಗ ಅದರದೇ ಹೆಸರು. ಊರು ಮುಳುಗಿತು, ಹೆಸರು ಅಣೆಕಟ್ಟಿಗೆ ಅಂಟಿಕೊಂಡಿತು. ಮನೆ ಕಳೆದುಕೊಂಡವರಲ್ಲಿ ಬಹುಮಂದಿ ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದರು.

ಜಾಹೀರಾತುಗಳಲ್ಲಿ ಅತಿ ಹೆಚ್ಚು ಕಾಣುವ ಗ್ರೀಕ್ ದ್ವೀಪ ಸ್ಯಾಂಟೊರಿನಿ. ಅದರ ಮೋಹಕವಾದ ಅರ್ಧಚಂದ್ರಾಕೃತಿ ಸಾವಿರಾರು ವರ್ಷಗಳ ಹಿಂದೆ ಅಗ್ನಿಪರ್ವತ ಸಿಡಿದು ನೆಲ ಕುಸಿದದ್ದರ ಗುರುತು. ಅಲ್ಲಿಯ ಅಕ್ರೊತೀರಿ ಎಂಬಲ್ಲಿ 1967ರಿಂದ ನಡೆದ ಉತ್ಖನನದಲ್ಲಿ ಬೂದಿಯಡಿ ಹೂತುಹೋದ ಒಂದು ಪಟ್ಟಣವೇ ದೊರೆಯಿತು: ಅಂತಸ್ತಿನ ಮನೆಗಳು, ಧಾನ್ಯದ ಗುಡಾಣಗಳು, ಗೋಡೆಯ ಮೇಲೆ ಮಾಸದ ಚಿತ್ರಗಳು. ಮನುಷ್ಯರ ಅಸ್ಥಿಗಳು ಮಾತ್ರ ಅಲ್ಲಿ ಸಿಗಲಿಲ್ಲ. ಜನ ಮುನ್ಸೂಚನೆಯರಿತು ಊರು ಬಿಟ್ಟಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. ಸೂಪೆಯವರೂ ಮುಳುಗಡೆಗೆ ಮೊದಲೇ ಊರು ಬಿಟ್ಟರು. ವ್ಯತ್ಯಾಸವಿಷ್ಟೇ: ಅಲ್ಲಿ ಸೂಚನೆ ಕೊಟ್ಟದ್ದು ಭೂಮಿ, ಇಲ್ಲಿ ಸೂಚನೆ ಬಂದದ್ದು ಕಾಗದದಲ್ಲಿ, ನಮ್ಮೆಲ್ಲರ ಮನೆಯ ದೀಪಕ್ಕಾಗಿ.

ಇದನ್ನು ಬರೆಯುವುದು ವಿಹಾರದ ಸುಖವನ್ನು ಕಹಿಯಾಗಿಸುವುದಕ್ಕಲ್ಲ. ಅಣೆಕಟ್ಟು ಬೇಕಿರಲಿಲ್ಲವೆಂದು ದೀಪದ ಕೆಳಗೆ ಕುಳಿತು ಹೇಳುವ ಎದೆಗಾರಿಕೆಯೂ ನನಗಿಲ್ಲ. ಆದರೆ ಚೆಲುವಾದ ನೀರಿನ ಮುಂದೆ ಕುಳಿತವನು ಅದರ ಕೆಳಗಿನ ಊರಿನ ಹೆಸರನ್ನಾದರೂ ಒಮ್ಮೆ ಉಚ್ಚರಿಸಬೇಕಲ್ಲವೆ? ತೀರ್ಥದಲ್ಲಿ ಮುಳುಗುವಾಗ ಪಿತೃಗಳನ್ನು ನೆನೆಯುವುದು ನಮ್ಮ ಸಂಪ್ರದಾಯ. ವಿಹಾರಕ್ಕೂ ಅಂಥದೊಂದು ಸಣ್ಣ ಸಂಕಲ್ಪವಿದ್ದರೆ ತಪ್ಪಿಲ್ಲ. ಕೇಕೆ ಹಾಕಿ, ಬಾಟಲಿಗಳನ್ನು ಬಂಡೆಯ ಸಂದಿಗೆ ಎಸೆದು, ಇರುಳೆಲ್ಲ ಯಂತ್ರದ ಸಂಗೀತವನ್ನು ಕಾಡಿಗೆ ಕೇಳಿಸಿ ಹೋಗುವವರು ಮರೆಯುವುದು ಇದನ್ನೇ: ನಾವು ಬರುವ ಮೊದಲೂ ಇದು ಯಾರದೋ ಮನೆಯಾಗಿತ್ತು, ಈಗಲೂ ಹೌದು. ಜೋಯಿಡಾದ ಅಡವಿಯಲ್ಲಿ ಗೆಡ್ಡೆಗೆಣಸು ಬೆಳೆಯುವ ಕುಣಬಿಗಳು, ಎಮ್ಮೆ ಸಾಕುವ ಗೌಳಿಗರು, ಹಳಿಯಾಳ ಮುಂಡಗೋಡಗಳ ಕಾಡಂಚಿನ ಸಿದ್ದಿಗಳು, ಇವರೆಲ್ಲ ಈ ನೆಲದ ಒಕ್ಕಲು. ಶತಮಾನಗಳ ಹಿಂದೆ ಆಫ್ರಿಕಾದಿಂದ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಹೆಂಗಸರು ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಇಂದು ದೂರದ ಪ್ರದರ್ಶನಗಳಿಗೂ ಹೋಗುತ್ತವೆ. ಅಂಥದೊಂದು ಕೌದಿಯನ್ನು ನನ್ನಾಕೆ ಕೊಂಡಳು. ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತ, "ಇದು ಬಿಡುವಿನ್ಯಾಗ ಹೊಲದದ್ದಲ್ಲ, ಬಿಡುವು ಮಾಡಿಕೊಂಡು ಹೊಲದದ್ದು," ಎಂದಳು.

ಮೂರನೆಯ ಇರುಳು ಬೆಳದಿಂಗಳು. ಈ ನದಿಯ ಇನ್ನೊಂದು ತುದಿಯಲ್ಲಿ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಇಂಥದೇ ಒಂದು ಬೆಳದಿಂಗಳಲ್ಲಿ ದೋಣಿಯೇರಿ ಕಾಳಿಯ ಮೇಲೆ ಸಾಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಅಲ್ಲಿಯೇ ರವೀಂದ್ರರು ಬರೆದ 'ಪ್ರಕೃತಿರ ಪ್ರತಿಶೋಧ' ಎಂಬ ನಾಟಕದ ಸಂನ್ಯಾಸಿ ಎಲ್ಲ ಬಂಧಗಳನ್ನು ಹರಿದೊಗೆದು ಅನಂತವನ್ನು ಅರಸುತ್ತಾನೆ. ಕಡೆಗೆ ಒಬ್ಬ ಅನಾಥ ಬಾಲೆಯ ಮಮತೆ ಅವನನ್ನು ಮತ್ತೆ ಮನುಷ್ಯರ ನಡುವೆ ಎಳೆತರುತ್ತದೆ. ವಿರಾಮದ ಮರ್ಮವೂ ಇದೇ ಇರಬೇಕು. ಸಂಸಾರದಿಂದ ದೂರ ಹೋಗುವುದಲ್ಲ. ಸಂಸಾರದ ಸದ್ದಿನಲ್ಲಿ ಕೇಳಿಸದೆ ಹೋದ ಇನ್ನೊಬ್ಬರ ದನಿಯನ್ನು ಕೇಳುವಷ್ಟು ದೂರಕ್ಕೆ ಹೋಗುವುದು.

ಹೋಮರನ ಒಡಿಸ್ಯೂಸನು ಹತ್ತು ವರ್ಷ ಯುದ್ಧದಲ್ಲಿ, ಹತ್ತು ವರ್ಷ ಕಡಲಿನಲ್ಲಿ ಕಳೆದು ಇಥಾಕಾ ದ್ವೀಪದ ತನ್ನ ಮನೆಗೆ ಮರಳಿ ಬಂದ ಕಥೆ ಎಲ್ಲರಿಗೂ ಗೊತ್ತು. ಅವನೂ ಪೆನೆಲೊಪೆಯೂ ಮತ್ತೆ ಕೂಡಿದ ಇರುಳಲ್ಲಿ ಏನು ಮಾಡಿದರೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಒಬ್ಬರಿಗೊಬ್ಬರು ಇಪ್ಪತ್ತು ವರ್ಷಗಳ ಕಥೆಯನ್ನು ಹೇಳಿದರು. ಅವಳು ಮನೆಯಲ್ಲಿ ಸಹಿಸಿದ್ದನ್ನು ಅವನು ಕೇಳಿದ. ಅವನು ಹೊರಗೆ ಸಹಿಸಿದ್ದನ್ನು ಅವಳು ಕೇಳಿದಳು. ಆ ಮಾತಿಗೆ ಇರುಳು ಸಾಲದೆಂದು ಅಥೀನಾ ದೇವಿ ಉಷೆಯನ್ನು ಕಡಲಂಚಿನಲ್ಲಿ ತಡೆದು ನಿಲ್ಲಿಸಿದಳಂತೆ. ಗ್ರೀಕ್ ದ್ವೀಪದ ಅತ್ಯುತ್ತಮ ದಂಪತಿವಿಹಾರ ಅದೇ ಎಂದು ನನಗೆ ತೋರುತ್ತದೆ. ನಮ್ಮ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರು, ದಾಸಿಮಯ್ಯ ದುಗ್ಗಳೆಯರು ಕಾಯಕದಲ್ಲಿ ಜತೆಯಾದ ದಂಪತಿಗಳು. ದುಡಿಮೆಯಲ್ಲಿ ಪಾಲುದಾರರಾದವರಿಗೆ ಬಿಡುವಿನಲ್ಲಿಯೂ ಸಮಪಾಲು ಸಲ್ಲಬೇಡವೆ? ಅಂದು ಇರುಳು ನಾವು ಆಡಿದ ಮಾತುಗಳು ಇಲ್ಲಿ ಬರೆಯತಕ್ಕವಲ್ಲ. ಯಾವ ದೇವಿಯೂ ಬೆಳಗನ್ನು ತಡೆಯಲಿಲ್ಲವೆಂದಷ್ಟೇ ಹೇಳಬಲ್ಲೆ. ಅದು ತನ್ನ ಹೊತ್ತಿಗೆ ಬಂದಿತು.

ಮರಳುವಾಗ ಯಲ್ಲಾಪುರದ ದಾರಿಯಾಗಿ ಮುಂಡಗೋಡಿಗೆ ಬಂದೆವು. 1966ರಲ್ಲಿ ಟಿಬೆಟಿನ ನಿರಾಶ್ರಿತರಿಗೆಂದು ಅಲ್ಲಿ ನೆಲೆ ಮಾಡಿಕೊಟ್ಟರು. ಲ್ಹಾಸಾದ ಬಳಿಯ ಗಾಂದೆನ್, ದ್ರೆಪುಂಗ್ ಮಹಾವಿಹಾರಗಳು ಅಲ್ಲಿ ಮರುಹುಟ್ಟು ಪಡೆದಿವೆ. 'ವಿಹಾರ' ಎಂಬ ಶಬ್ದ ಭಿಕ್ಷುಗಳ ವಾಸಸ್ಥಾನಕ್ಕೂ ಸಲ್ಲುತ್ತದೆಂಬುದು ಅಲ್ಲಿಯ ಮೆಕ್ಕೆಜೋಳದ ಹೊಲಗಳ ನಡುವೆ ನಡೆಯುವಾಗ ನೆನಪಾಯಿತು. ಒಂದೇ ಜಿಲ್ಲೆಯ ಒಂದು ಮೂಲೆಯಲ್ಲಿ ಊರು ನೀರಿಗೆ ಹೋಯಿತು. ಇನ್ನೊಂದು ಮೂಲೆಯಲ್ಲಿ ಹಿಮಾಲಯದಾಚೆ ಊರು ಕಳೆದುಕೊಂಡವರಿಗೆ ನೆಲ ಸಿಕ್ಕಿತು. ಮಾರ್ಗದ ಬದಿಯ ಕಟ್ಟೆಯ ಮೇಲೆ ಒಬ್ಬ ಮುದುಕಿಯೂ ಮುದುಕನೂ ಜಪಮಾಲೆಯ ಮಣಿ ಸರಿಸುತ್ತ ಬಿಸಿಲು ಕಾಯಿಸುತ್ತಿದ್ದರು. ನಡುವೆ ನಡುವೆ ಒಬ್ಬರು ಏನೋ ಹೇಳುವರು, ಇನ್ನೊಬ್ಬರು ತಲೆದೂಗುವರು. ನನ್ನಾಕೆ ಅವರನ್ನು ಬಹಳ ಹೊತ್ತು ನೋಡಿದಳು.

ಮುಂಡಗೋಡದ ಬಸ್ಸುನಿಲ್ದಾಣದ ಎದುರಿಗೆ ಚಹಾ ಕುಡಿಯುತ್ತ ಕುಳಿತಿದ್ದೆವು. ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ರೂಢಿಯಂತೆ ನಾನು ಚೀಲಕ್ಕೆ ಕೈಹಾಕಿ ಎದ್ದೆ. ಆಕೆ ಏಳಲಿಲ್ಲ.

"ಇನ್ನೊಂದು ಚಹಾ ಹೇಳ್ರಿ," ಎಂದಳು. "ಬಸ್ಸು ಇನ್ನೊಂದು ಬರ್ತದ."